ಜಾತ್ರೆ ಲೆಕ್ಕ ಕೇಳೋರು ಪಂಚಾಯ್ತಿ ಲೆಕ್ಕ ಯಾಕೆ ಕೇಳಲ್ಲ?

ಆಶ್ಲೇಷ ಮಳೆ ಎರಡು ಸಲ ಬಂದು ಹೋಯ್ತು. ರಾಗಿಗೆ ಕುಂಟೆ ಹಾಕೋ ಹದ ಸಿಕ್ಕಿದೆ, ಅಷ್ಟರ ಮಟ್ಟಿಗೆ ಮೋಸ ಇಲ್ಲ. ಕೆರೆಗೆ ಮಾತ್ರ ಇನ್ನೂ ಒಂದು ಬಿಂದಿಗೆ ನೀರು ಬಂದಿಲ್ಲ. ತೆಂಗಿನ ಬಿಳಿನೊಣದ ವಿಷಯ ಮುಂದುವರಿಸ್ತೀನಿ ಅಂತ ಹೋದ ವಾರ ಹೇಳಿದ್ದೆ, ಅದು ಇನ್ನೊಂದು ವಾರ ಕಾಯಲಿ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ಒಳಗೆ ಗ್ರಾಮ ಪಂಚಾಯ್ತಿಗಳಲ್ಲಿ ಜಮಾಬಂದಿ ಆಗಬೇಕು. ಅದಕ್ಕೆ ಮುಂಚೆ ಈ ಮಾತು ಬರೆದುಬಿಡಬೇಕು ಅನ್ನಿಸ್ತು. ಉದ್ದ ಆಗುತ್ತೆ, ಸಂಜೆ ಹಾಲು ಹಾಕಿ ಬಂದ ಮೇಲೆ ಓದಿ.

ಜಾತ್ರೆಯಿಂದ ಶುರು ಮಾಡ್ತೀನಿ. ನಮ್ಮೂರು ನೂರ ನಲವತ್ತು ಒಕ್ಕಲು. ಈ ವರ್ಷ ಮನೆಗೆ ಮೂರು ಸಾವಿರ ವಂತಿಗೆ, ಅಂದ್ರೆ ನಾಲ್ಕು ಲಕ್ಷ ಇಪ್ಪತ್ತು ಸಾವಿರ. ಬೆಂಗಳೂರಲ್ಲಿರೋ ಹುಡುಗರು ಫೋನ್‌ಪೇ ಮಾಡಿದ್ದು ಬೇರೆ, ದೇವರ ಹಾರ, ಬಾಳೆಗೊನೆ ಹರಾಜಿನ ದುಡ್ಡು ಬೇರೆ. ಜಾತ್ರೆ ಕಳೆದ ಹನ್ನೊಂದನೇ ದಿನ ದೇವಸ್ಥಾನದ ಮುಂದೆ ಜಮಖಾನ ಹಾಸಿ ಲೆಕ್ಕ ಓದ್ತಾರೆ. ಮನೆಗೊಬ್ಬ ಬರಲೇಬೇಕು ಅಂತ ಕಾನೂನೇನೂ ಇಲ್ಲ, ಆದರೂ ಬರ್ತಾರೆ. ಹೆಂಗಸರು ಜಗಲಿ ಮೇಲೆ ಕೂತು ಕೇಳಿಸ್ಕೊಳ್ತಾರೆ. ತಮಟೆಯವರಿಗೆ ಇಷ್ಟು, ಹೂವಿಗೆ ಇಷ್ಟು, ಶಾಮಿಯಾನಕ್ಕೆ ಇಷ್ಟು, ಅಡುಗೆ ಭಟ್ಟರಿಗೆ ಇಷ್ಟು, ತೇರಿನ ಹಗ್ಗಕ್ಕೆ ಇಷ್ಟು ಅಂತ ಒಂದೊಂದೇ ಬಾಬತ್ತು ಓದಬೇಕು. ಈ ಸಲ ಜನರೇಟರ್ ಡೀಸೆಲ್ ಬಾಬತ್ತಿನಲ್ಲಿ ಸಾವಿರದ ಎಂಟುನೂರು ರೂಪಾಯಿ ಚೀಟಿ ಇರಲಿಲ್ಲ. ಅದೊಂದಕ್ಕೆ ಮುಕ್ಕಾಲು ಗಂಟೆ ವಾದ ಆಯ್ತು. ಕರೆಂಟು ಎಷ್ಟು ಹೊತ್ತು ಹೋಗಿತ್ತು, ಜನರೇಟರ್ ಗಂಟೆಗೆ ಎಷ್ಟು ಲೀಟರ್ ಕುಡಿಯುತ್ತೆ, ಉಳಿದ ಡೀಸೆಲ್ ಯಾರ ಟಿಲ್ಲರಿಗೆ ಹೋಯ್ತು, ಎಲ್ಲಾ ಬಂತು. ಕೊನೆಗೆ ಬಂಕಿನಿಂದ ಚೀಟಿ ತರಿಸಿದ ಮೇಲೇ ಎಲ್ಲರೂ ಎದ್ದಿದ್ದು. ಯಾರಿಗೂ ಬೇಜಾರಾಗಲಿಲ್ಲ. ಲೆಕ್ಕ ಒಪ್ಪಿಸಿದವನಿಗೂ ಆಗಲಿಲ್ಲ, ಯಾಕಂದ್ರೆ ಹೋದ ವರ್ಷ ಕೇಳಿದವನು ಅವನೇ.

ಇದಾಗಿ ಒಂದೂವರೆ ತಿಂಗಳಿಗೆ ನಮ್ಮ ವಾರ್ಡ್ ಸಭೆ ಇತ್ತು. ಶಾಲೆ ಕೊಠಡಿ, ಬೆಳಗ್ಗೆ ಹನ್ನೊಂದಕ್ಕೆ. ನಾನು ಎಣಿಸಿದೆ, ಹತ್ತೊಂಬತ್ತು ಜನ. ಅದರಲ್ಲಿ ಪಂಚಾಯ್ತಿಯೋರೇ ಮೂವರು, ಇನ್ನೊಬ್ಬರು ಆಶಾ ಕಾರ್ಯಕರ್ತೆ. ಹದಿನೈದನೇ ಹಣಕಾಸು ಆಯೋಗದ ದುಡ್ಡಿನ ಕೆಲಸಗಳ ಪಟ್ಟಿ ಓದಿದರು. ಆರು ಲಕ್ಷ ಚಿಲ್ಲರೆ. ಇಪ್ಪತ್ತು ನಿಮಿಷಕ್ಕೆ ಮುಗೀತು. ಒಂದು ಹೈಮಾಸ್ಟ್ ದೀಪ, ಒಂದು ಚರಂಡಿ, ಒಂದು ಪೈಪ್‌ಲೈನ್ ರಿಪೇರಿ. ಕೆರೆ ತೂಬಿನ ಮಾತು ಎತ್ತಿದ್ದಕ್ಕೆ 'ಅದು ನಮ್ಮ ಲೆಕ್ಕಕ್ಕೆ ಬರಲ್ಲ' ಅಂದ್ರು. ಯಾರ ಲೆಕ್ಕಕ್ಕೆ ಬರುತ್ತೆ ಅಂದ್ರೆ 'ಮೇಲಿನೋರು' ಅಂದ್ರು. ಪುಸ್ತಕ ತಂದು ಸಹಿ ಹಾಕಿಸ್ಕೊಂಡ್ರು, ಟೀ ಬಂತು.

ಸಾವಿರದ ಎಂಟುನೂರಕ್ಕೆ ಮುಕ್ಕಾಲು ಗಂಟೆ, ಆರು ಲಕ್ಷಕ್ಕೆ ಇಪ್ಪತ್ತು ನಿಮಿಷ. ನಮ್ಮ ಜನಕ್ಕೆ ಲೆಕ್ಕ ಬರಲ್ಲ, ಅನಕ್ಷರಸ್ಥರು, ಸಾರ್ವಜನಿಕ ದುಡ್ಡಿನ ಬಗ್ಗೆ ಕಾಳಜಿ ಇಲ್ಲ ಅಂತ ಟಿವಿಯಲ್ಲಿ ಕೂತು ಹೇಳೋರ ಮಾತು ನಾನು ಒಪ್ಪಲ್ಲ. ಲೆಕ್ಕ ಕೇಳೋ ಸಂಸ್ಕೃತಿ ನಮ್ಮಲ್ಲಿ ಇದೆ, ಮೊದಲಿಂದಲೂ ಇದೆ. ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸೇರಿ ಸಹಕಾರ ಸಂಘ ಕಟ್ಟಿದ್ದು. ಆ ಕಾಲಕ್ಕೆ ಅವರಲ್ಲಿ ಎಷ್ಟು ಜನ ಓದಿದೋರು ಇದ್ದಿರಬಹುದು? ನಾನು ಎಸ್ಸೆಸ್ಸೆಲ್ಸಿ, ನನ್ನ ಜೊತೆ ಜಮಖಾನದ ಮೇಲೆ ಕೂರೋರು ಎಷ್ಟೋ ಜನ ಅಷ್ಟೂ ಓದಿಲ್ಲ. ಆದರೆ ಎಂಟು ನೂರು ಕಾಯಿಗೆ ಎಷ್ಟು ಕೊಬ್ಬರಿ ಇಳಿಯುತ್ತೆ ಅಂತ ಬಾಯಲ್ಲೇ ಹೇಳ್ತಾರೆ.

ವ್ಯತ್ಯಾಸ ಇರೋದು ಒಂದೇ ಕಡೆ. ಜಾತ್ರೆ ದುಡ್ಡು ನಮ್ಮ ಜೇಬಿನಿಂದ ಹೋಗಿದ್ದು ಅಂತ ಎಲ್ಲರಿಗೂ ನೆನಪಿದೆ. ಪಂಚಾಯ್ತಿ ದುಡ್ಡು 'ಸರ್ಕಾರದ ದುಡ್ಡು', ಮೇಲಿಂದ ಬಂದಿದ್ದು, ಮಳೆ ಇದ್ದಂಗೆ. ಬಂದ್ರೆ ಪುಣ್ಯ, ಬರದಿದ್ರೆ ಹಣೆಬರಹ. ಮಳೆಗೆ ಯಾರು ಲೆಕ್ಕ ಕೇಳ್ತಾರೆ?

'ನಾವೇನು ಟ್ಯಾಕ್ಸ್ ಕಟ್ತೀವಾ ಗೌಡ್ರೇ' ಅಂತ ಮೊನ್ನೆ ಡೇರಿ ಹತ್ರ ಒಬ್ರು ಕೇಳಿದ್ರು. ಬೇಸಾಯದ ವರಮಾನಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ, ನಿಜ. ಆದರೆ ಟಿಲ್ಲರಿಗೆ ಡೀಸೆಲ್ ಹಾಕಿಸ್ತೀವಲ್ಲ? 2024ರ ಜೂನ್‌ನಲ್ಲಿ ಒಂದು ಸಲ, 2025ರ ಏಪ್ರಿಲ್ 1ರಿಂದ ಇನ್ನೊಂದು ಸಲ ಡೀಸೆಲ್ ಮೇಲಿನ ರಾಜ್ಯದ ತೆರಿಗೆ ಏರಿ ಶೇ 21.17 ಆಯ್ತು. ಆಗಿನ ಬೆಲೆಗೆ ಲೀಟರಿಗೆ ಹತ್ತಿರತ್ತಿರ ಹದಿನೈದು ರೂಪಾಯಿ ರಾಜ್ಯಕ್ಕೇ ಹೋಗ್ತಿತ್ತು, ಕೇಂದ್ರದ್ದು ಬೇರೆ. ವರ್ಷಕ್ಕೆ ಇನ್ನೂರು ಲೀಟರ್ ಸುಟ್ಟರೆ ಮೂರು ಸಾವಿರ ಆಯ್ತಲ್ಲ, ಸರಿಯಾಗಿ ಒಂದು ಜಾತ್ರೆ ವಂತಿಗೆ. ಪೈಪು, ಔಷಧಿ, ಸಿಮೆಂಟು, ಮೊಬೈಲ್ ರೀಚಾರ್ಜು, ಮಗಳ ಮದುವೆ ಚಿನ್ನ, ಎಲ್ಲಕ್ಕೂ ಜಿಎಸ್‌ಟಿ ಇದೆ. ಮನೆ ಕಂದಾಯ ಪಂಚಾಯ್ತಿಗೇ ನೇರವಾಗಿ ಕಟ್ತೀವಿ, ನಂದು ಏಳುನೂರು ಚಿಲ್ಲರೆ. ಆ ರಸೀದಿ ಎಲ್ಲಿಟ್ಟಿದ್ದೀವಿ ಅಂತ ನಮಗೇ ಗೊತ್ತಿರಲ್ಲ, ವಂತಿಗೆ ಚೀಟಿ ಮಾತ್ರ ದೇವರ ಪಟದ ಹಿಂದೆ ಭದ್ರವಾಗಿರುತ್ತೆ.

ರಾಜ್ಯದ ಲೆಕ್ಕಾನೂ ಸ್ವಲ್ಪ ನೋಡಿ. 2025-26ರ ಬಜೆಟ್ 4 ಲಕ್ಷದ 9 ಸಾವಿರ ಕೋಟಿ. ಅದರಲ್ಲಿ 1 ಲಕ್ಷದ 16 ಸಾವಿರ ಕೋಟಿ ಸಾಲ ತರೋದು ಅಂತ ಬರೆದಿದ್ರು. ಆ ವರ್ಷದ ಕೊನೆಗೆ ಒಟ್ಟು ಹೊಣೆ 7 ಲಕ್ಷದ 64 ಸಾವಿರ ಕೋಟಿ ಆಗುತ್ತೆ ಅಂತ ಅವರದೇ ಅಂದಾಜಿತ್ತು. ಏಳು ಕೋಟಿ ಜನ ಅಂತ ಇಟ್ಕೊಂಡ್ರೂ ತಲೆಗೆ ಒಂದು ಲಕ್ಷಕ್ಕೆ ಮೇಲಾಯ್ತು. ತೊಟ್ಟಿಲಲ್ಲಿರೋ ಕೂಸಿಗೂ ಸೇರಿ. ರಾಜ್ಯ ಅಂದ ಮೇಲೆ ಸಾಲ ಇರುತ್ತೆ, ಬಾವಿ ತೋಡಿಸೋನು ಸೊಸೈಟಿಗೆ ಹೋಗಲ್ವಾ, ಹಂಗೆ. ಸಾಲ ಬಾವಿಗೆ ಹೋಯ್ತೋ ಬೀಗರೂಟಕ್ಕೆ ಹೋಯ್ತೋ ಅಂತ ಕೇಳಬೇಕು ಅಷ್ಟೇ.

ಗ್ಯಾರಂಟಿ ವಿಷಯಕ್ಕೆ ಬಂದ್ರೆ ಇಲ್ಲಿ ಕಾಮೆಂಟಿನಲ್ಲಿ ಎರಡು ಪಾರ್ಟಿ ಆಗಿಬಿಡುತ್ತೆ, ಆದರೂ ಹೇಳ್ತೀನಿ. 2025-26ರಲ್ಲಿ ಐದೂ ಗ್ಯಾರಂಟಿಗೆ ಸೇರಿ 51 ಸಾವಿರ ಕೋಟಿ ಇಟ್ಟಿದ್ರು. ಅದನ್ನ ಬಿಟ್ಟಿ ಅಂತ ಬೈಯೋ ಹಕ್ಕು ನಮಗಿಲ್ಲ. ಹತ್ತು ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ನಮಗೆ ಕರೆಂಟ್ ಬಿಲ್ ಇಲ್ಲ, ಅದನ್ನ ಸರ್ಕಾರ ಕಟ್ಟುತ್ತೆ. ಸೊಸೈಟಿ ಬೆಳೆ ಸಾಲಕ್ಕೆ ಬಡ್ಡಿ ಇಲ್ಲ, ಅದನ್ನೂ ಸರ್ಕಾರ ಕಟ್ಟುತ್ತೆ. ಡೇರಿ ಹಾಲಿಗೆ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ. 2018ರಲ್ಲಿ ಸಾಲ ಮನ್ನಾ ಆದಾಗ ಪಟ್ಟಿಯಲ್ಲಿ ಹೆಸರಿದೆಯಾ ಅಂತ ನೋಡೋಕೆ ಬ್ಯಾಂಕ್ ಮುಂದೆ ನಿಂತಿದ್ದೋರೇ ಇವತ್ತು ಹೆಂಗಸರ ಎರಡು ಸಾವಿರಕ್ಕೆ ಕಣ್ಣು ಹಾಕ್ತಾರೆ. ನಮ್ಮ ಮನೆಯಲ್ಲಿ ಆ ಎರಡು ಸಾವಿರದಲ್ಲಿ ಒಂದು ಸೀಮೆಹಸು ಹಿಂಡಿಗೆ ಹೋಗುತ್ತೆ, ಅದರ ಹಾಲಿನ ದುಡ್ಡು ಮನೆಗೇ ಬರುತ್ತೆ.

ನನಗೆ ಮೈ ಉರಿಯೋದು ಇನ್ನೊಂದು ಲೆಕ್ಕಕ್ಕೆ. ಗೃಹಲಕ್ಷ್ಮಿಗೆ 2025-26ರಲ್ಲಿ 28 ಸಾವಿರ ಕೋಟಿ ಚಿಲ್ಲರೆ. ಅದೇ ವರ್ಷ ಅಬಕಾರಿಯಿಂದ 40 ಸಾವಿರ ಕೋಟಿ ಬರಬೇಕು ಅಂತ ಗುರಿ ಇತ್ತು. ಬಜೆಟ್ ಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಪುಟ, ನಮ್ಮ ಬೀದಿಯಲ್ಲಿ ಮಾತ್ರ ಎರಡೂ ಒಂದೇ ಬಾಗಿಲು. ಹೆಂಡತಿ ಖಾತೆಗೆ ಬೀಳುತ್ತೆ, ಗಂಡನ ಜೇಬಿನಿಂದ ಹೋಗುತ್ತೆ. 2007ರಲ್ಲಿ ಸಾರಾಯಿ ನಿಲ್ಲಿಸಿದಾಗ ನಮ್ಮೂರ ಹೆಂಗಸರು ದೇವರಿಗೆ ಕಾಯಿ ಒಡೆದಿದ್ದರು. ಈಗ ಅಂಗಡಿಗೇ ಹೋಗಬೇಕಿಲ್ಲ, ಟೆಟ್ರಾ ಪ್ಯಾಕು ಬೀಡಿ ಬೆಂಕಿಪೊಟ್ಣದ ಜೊತೆ ಸಿಗುತ್ತೆ. ಖಜಾನೆ ತುಂಬೋಕೆ ಕುಡಿಯೋರು ಕುಡೀತಾನೇ ಇರಬೇಕು ಅಂತ ಆದ್ರೆ, ಕುಡಿತ ಬಿಡಿಸೋ ಮನಸ್ಸು ಯಾವ ಸರ್ಕಾರಕ್ಕೆ ಬರುತ್ತೆ? ಇದು ಈ ಪಕ್ಷ ಆ ಪಕ್ಷ ಅಂತಲ್ಲ, ಯಾರು ಬಂದ್ರೂ ಗುರಿ ಏರಿಸಿಯೇ ಹೋಗಿದ್ದಾರೆ.

ಇರಲಿ. ದೆಹಲಿ, ಬೆಂಗಳೂರು ನಮ್ಮ ಕೈಗೆ ಎಟುಕಲ್ಲ. ಹದಿನೈದನೇ ಆಯೋಗದಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳೀತು, ಅದಕ್ಕೆ 2024ರ ಫೆಬ್ರವರಿಯಲ್ಲಿ ಜಂತರ್ ಮಂತರ್‌ನಲ್ಲಿ ಕೂತರು. ಕೂರಬೇಕಾದ್ದೇ. ಆದರೆ ಅದೇ ಆಯೋಗದ ದುಡ್ಡು ನಮ್ಮ ಪಂಚಾಯ್ತಿಗೆ ಬಂದಾಗ ನಾವು ಎಲ್ಲಿ ಕೂತಿದ್ವಿ? ಆ ದುಡ್ಡಿನಲ್ಲಿ ನೂರಕ್ಕೆ ಅರವತ್ತು ಕುಡಿಯೋ ನೀರು, ನೈರ್ಮಲ್ಯ ಅಂತ ಕಟ್ಟುಪಾಡು ಇತ್ತು. ಉಳಿದ ನಲವತ್ತು ಊರಿನೋರು ಬೇಕಾದ್ದಕ್ಕೆ ಬಳಸಬಹುದಿತ್ತು. ಮೇಲಿನೋರು ನಮಗೆ ಬಿಟ್ಟುಕೊಟ್ಟಿರೋ ಆ ನಲವತ್ತರಲ್ಲೇ ಹೈಮಾಸ್ಟ್ ದೀಪ ಬಂದಿದ್ದು. ದೀಪ ಎಲ್ಲರಿಗೂ ಕಾಣುತ್ತೆ, ಅದರ ಕೆಳಗೆ ಬೋರ್ಡ್ ಹಾಕಬಹುದು. ತೂಬು ನೀರೊಳಗೆ ಇರುತ್ತೆ.

ಈಗ ಆ ತೂಬಿನ ವಿಷಯ. ನಮ್ಮ ಕೆರೆ ಅಚ್ಚುಕಟ್ಟು ಅರವತ್ತು ಎಕರೆ ಚಿಲ್ಲರೆ. ನಲವತ್ತು ಹೆಕ್ಟೇರ್ ಒಳಗಿನ ಕೆರೆ ಆದ್ದರಿಂದ ಜಿಲ್ಲಾ ಪಂಚಾಯ್ತಿ ಸುಪರ್ದಿಗೆ, ಅದಕ್ಕಿಂತ ದೊಡ್ಡದಾದ್ರೆ ಸಣ್ಣ ನೀರಾವರಿ ಇಲಾಖೆಗೆ. ತೂಬಿನ ಬಾಗಿಲು ತುಕ್ಕು ಹಿಡಿದು ಮೂರು ವರ್ಷ ಆಯ್ತು. 2022ರಲ್ಲಿ ಕೋಡಿ ಬಿದ್ದಾಗ ಏನು ಖುಷಿ! ಫೋಟೋ ಹಾಕಿದ್ದೇ ಹಾಕಿದ್ದು. ಸಂಕ್ರಾಂತಿ ಆಗಿ ಎರಡು ತಿಂಗಳಿಗೆ ನೀರೆಲ್ಲಾ ತೂಬಿನಲ್ಲಿ ಸೋರಿ ಹಳ್ಳ ಸೇರಿತ್ತು. ಕೆರೆಯಲ್ಲಿ ನೀರು ನಿಂತ ವರ್ಷ ಅಕ್ಕಪಕ್ಕದ ಬೋರ್‌ವೆಲ್ ಹೆಂಗೆ ಹೊಡೆಯುತ್ತೆ ಅಂತ ನಿಮಗೇ ಗೊತ್ತು. ಅಚ್ಚುಕಟ್ಟಿನ ಸುತ್ತ ಆಮೇಲೆ ಐದು ಜನ ಹೊಸ ಬೋರ್ ಕೊರೆಸಿದ್ರು, ಒಂಬೈನೂರು ಅಡಿ ಮೇಲೆ, ಎರಡರಲ್ಲಿ ಬರೀ ಧೂಳು. ತೂಬು ಸರಿ ಮಾಡೋಕೆ ಒಂದೂವರೆ ಲಕ್ಷ ಸಾಕು ಅಂತ ಕೆಲಸ ಗೊತ್ತಿರೋ ಮೇಸ್ತ್ರಿ ಹೇಳ್ತಾನೆ. ಐದು ಬೋರಿಗೆ ಒಂದೊಂದಕ್ಕೂ ಅದಕ್ಕಿಂತ ಜಾಸ್ತಿ ಹೋಗಿದೆ. ಜೇಬಿನ ಲೆಕ್ಕವೂ ಊರ ಲೆಕ್ಕವೂ ಬೇರೆ ಅಲ್ಲ ಅಂತ ಇದಕ್ಕಿಂತ ಹೆಂಗೆ ಹೇಳೋದು.

ಹಿಂದೆ ಕೆರೆಗೆ ದುಡ್ಡು ಎಲ್ಲಿಂದ ಬರ್ತಿತ್ತು ಅಂತ ಕೇಳೋರಿದ್ದಾರೆ. ಹಳೇ ಶಾಸನಗಳಲ್ಲಿ ಕಟ್ಟುಕೊಡಗೆ ಅಂತ ಬರುತ್ತೆ. ಕೆರೆ ಕಟ್ಟಿದವರಿಗೆ, ರಿಪೇರಿ ನೋಡ್ಕೊಳ್ಳೋರಿಗೆ ಕೆರೆ ಕೆಳಗೇ ಜಮೀನು ಬಿಡೋದು. ಆ ಜಮೀನಿಗೆ ನೀರು ಬರಬೇಕಾದ್ರೆ ಅವನು ಏರಿ, ತೂಬು ನೋಡ್ಕೊಳ್ಳಲೇಬೇಕು. ಬುದ್ಧಿವಂತರ ಲೆಕ್ಕ. ಆಮೇಲೆ ನೀರಗಂಟಿ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಅವನ ಮಾತೇ ಮಾತು, ದೊಡ್ಡ ಗೌಡನೂ ಕೇಳಬೇಕಿತ್ತು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಅವನಿಗೆ ಇಷ್ಟು ಕೊಳಗ ಅಂತ ಅಳೆದು ಕೊಡ್ತಿದ್ರು.

ಆ ಕಾಲವೇ ಚೆನ್ನಾಗಿತ್ತು ಅಂತ ನಾನು ಹಾಡಲ್ಲ. ನಮ್ಮೂರಲ್ಲಿ ನೀರಗಂಟಿ ಕೆಲಸ ಒಂದೇ ಕೇರಿಯೋರ ಹೆಗಲ ಮೇಲಿತ್ತು. ನಡುರಾತ್ರಿ ತೂಬಿಗೆ ಮುಳುಗಿ ಎತ್ತಬೇಕಾದೋನೂ ಅವನೇ, ಕಣದಲ್ಲಿ ದೂರ ನಿಂತು ಭತ್ತ ಇಸ್ಕೊಳ್ಳಬೇಕಾದೋನೂ ಅವನೇ. 1961ರ ಕಾಯ್ದೆಯಲ್ಲಿ ವಂಶಪಾರಂಪರ್ಯ ಗ್ರಾಮ ಹುದ್ದೆ ರದ್ದಾಗಿದ್ದು ಒಳ್ಳೇದೇ ಆಯ್ತು. ಅವರ ಮಕ್ಕಳು ಓದಿ ಕೆಲಸಕ್ಕೆ ಸೇರಿದ್ದಾರೆ, ಸೇರಲಿ. ಆದರೆ ಹುದ್ದೆ ಹೋದ ಮೇಲೆ ಆ ಕೆಲಸ ಊರಿಗೆಲ್ಲಾ ಸೇರಿದ್ದು ಅಂತ ಹಂಚ್ಕೊಳ್ಳಬೇಕಿತ್ತು. ಹಂಚ್ಕೊಳ್ಳಲಿಲ್ಲ, ಸರ್ಕಾರಕ್ಕೆ ಬಿಟ್ಟುಬಿಟ್ವಿ. ಸರ್ಕಾರಕ್ಕೆ ರಾಜ್ಯದಲ್ಲಿ ಮೂವತ್ತಾರು ಸಾವಿರ ಕೆರೆ, ನಮ್ಮ ತೂಬು ಅದರ ಕಣ್ಣಿಗೆ ಯಾವಾಗ ಬೀಳಬೇಕು?

ಇಲ್ಲಿ ನಮ್ಮ ವಯಸ್ಸಿನೋರಿಗೆ ಒಂದು ಮಾತು. ಐವತ್ತು ದಾಟಿದೋರು, ಎರಡು ಮೂರು ಎಕರೆ ಇರೋರು. ಮಕ್ಕಳು ಪೀಣ್ಯದಲ್ಲೋ ವೈಟ್‌ಫೀಲ್ಡಲ್ಲೋ ಸೇರ್ಕೊಂಡಿದ್ದಾರೆ. ಮಂಡಿ ನೋವು ಶುರುವಾಗಿದೆ. ಇನ್ನು ಮುಂದೆ ಯಾತಕ್ಕೆ ಬದುಕಬೇಕು ಅಂತ ಬಾಯಿ ಬಿಟ್ಟು ಯಾರೂ ಕೇಳಲ್ಲ, ಒಳಗೆ ಆ ಪ್ರಶ್ನೆ ಇದೆ. ಕೊಬ್ಬರಿ 2023ರಲ್ಲಿ ಕ್ವಿಂಟಾಲಿಗೆ ಒಂಬತ್ತು ಸಾವಿರದ ಕೆಳಗೆ ಬಿದ್ದಾಗ ಈ ಪ್ರಶ್ನೆಗೆ ಪುರುಸೊತ್ತಿರಲಿಲ್ಲ, 11,750ರ ಬೆಂಬಲ ಬೆಲೆಗೆ ನಫೆಡ್ ಕೇಂದ್ರದ ಕ್ಯೂನಲ್ಲಿ ನಿಂತಿದ್ದೇ ಆಯ್ತು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತೈದು ಸಾವಿರ ದಾಟಿತು. ಕೈಯಲ್ಲಿ ಸ್ವಲ್ಪ ಕಾಸು ಆಡ್ತಿದೆ. ಏನ್ ಮಾಡ್ತಿದ್ದೀವಿ? ಮನೆಗೆ ಟೈಲ್ಸು, ಗೋಪುರಕ್ಕೆ ಬಣ್ಣ, ತಿರುಪತಿ ಟ್ರಿಪ್ಪು, ಮಗನಿಗೆ ಕಾರಿನ ಡೌನ್ ಪೇಮೆಂಟು. ಮಾಡಲಿ, ತಪ್ಪೇನಿಲ್ಲ. ಬೆಲೆ ಇರೋದು ನಾಲ್ಕು ದಿನ ಅಂತ ತೆಂಗು ಬೆಳೆಯೋನಿಗೆ ಹೇಳಿಕೊಡಬೇಕಾ? ಆದರೆ ತೋಟದ ಕೆಲಸ ಹತ್ತು ಗಂಟೆಗೆ ಮುಗಿಸಿ ಅಶ್ವತ್ಥಕಟ್ಟೆ ಮೇಲೆ ಕೂತು ಮೊಬೈಲ್‌ನಲ್ಲಿ ಮೋದಿ-ಸಿದ್ರಾಮಣ್ಣ ಜಗಳ ನೋಡ್ತಾ ಸಂಜೆ ಮಾಡೋದಿದೆಯಲ್ಲ, ಅದಕ್ಕೆ ಆಯುಸ್ಸು ಕೊಡೋಕೆ ನನಗೆ ಮನಸ್ಸಿಲ್ಲ.

ಊರಿನ ಲೆಕ್ಕ ನೋಡೋದಕ್ಕೆ ನಮ್ಮಷ್ಟು ಸರಿಯಾದ ಜನ ಇನ್ನಿಲ್ಲ. ಹುಡುಗರು ಊರಲ್ಲಿಲ್ಲ. ನಮಗೆ ಟೈಮ್ ಇದೆ, ಊರಿನ ಹಳ್ಳ ದಿಣ್ಣೆ ಗೊತ್ತು, ಯಾವ ಚರಂಡಿಗೆ ಎಷ್ಟು ಸೈಜುಗಲ್ಲು ಬಿತ್ತು ಅಂತ ಕಣ್ಣಳತೆಯಲ್ಲೇ ಹೇಳ್ತೀವಿ. ಮಗನಿಗೆ ಕಂಟ್ರಾಕ್ಟ್ ಬೇಕಾಗಿಲ್ಲ, ನಮಗೆ ಟಿಕೆಟ್ ಬೇಕಾಗಿಲ್ಲ. ಹೇಮಾವತಿ ಎಕ್ಸ್‌ಪ್ರೆಸ್ ಕೆನಾಲ್ ವಿರುದ್ಧ 2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆ ರೈತರು ಸೇರಿದ್ದು ನೋಡಿದ್ರಲ್ಲ. ಬಿಸಿಲು, ಪೊಲೀಸು ಯಾವುದಕ್ಕೂ ಜಗ್ಗಲಿಲ್ಲ. ನಾಲೆ ನೀರಿಗೆ ಅಷ್ಟು ಜನ ಬರೋರು ಸ್ವಂತ ಕೆರೆ ತೂಬಿಗೆ ಹತ್ತು ಜನ ಬರಲ್ಲ ಅಂದ್ರೆ ನಂಬೋಕಾಗುತ್ತಾ?

'ಕೇಳಿದ್ರೆ ವೈಮನಸ್ಸು, ನಾಳೆ ನಮ್ಮ ಇ-ಸ್ವತ್ತು ಫೈಲು ಕೂರಿಸ್ತಾರೆ' ಅಂತಾರೆ. ಒಬ್ಬನೇ ಕೇಳಿದ್ರೆ ಕೂರಿಸ್ತಾರೆ, ನಿಜ. ಜಾತ್ರೆ ಲೆಕ್ಕ ಒಬ್ಬನೇ ಕೇಳ್ತಾನಾ? ಜಮಖಾನದ ಮೇಲೆ ನೂರು ಜನ ಕೂತಿರ್ತಾರೆ, ಅದಕ್ಕೇ ಯಾರಿಗೂ ಹಗೆ ಅನ್ನಿಸಲ್ಲ. ಇನ್ನೊಂದು, ಪಂಚಾಯ್ತಿಯೋರೆಲ್ಲಾ ಕಳ್ಳರು ಅಂತ ನಾನು ಹೇಳ್ತಿಲ್ಲ. ನಮ್ಮ ವಾರ್ಡಿನ ಹೆಣ್ಣುಮಗಳು ಐದು ವರ್ಷದಲ್ಲಿ ನಲ್ಲಿ ನೀರಿಗೆ ಓಡಾಡಿದ್ದು ನಾನೇ ನೋಡಿದ್ದೀನಿ. ಖಾಲಿ ಕೊಠಡಿಗೆ ಪಟ್ಟಿ ಓದಿ ಅವಳಿಗೂ ಸಾಕಾಗಿದೆ.

ಜಮಾಬಂದಿ ಅಂದ್ರೆ ಏನು ಅಂತ ಕೆಲವರು ಫೋನ್ ಮಾಡಿ ಕೇಳಿದ್ರು. ಹೋದ ವರ್ಷ ಪಂಚಾಯ್ತಿಗೆ ಎಷ್ಟು ಬಂತು, ಎಷ್ಟು ಖರ್ಚಾಯ್ತು, ಯಾವ ಕೆಲಸ ಆಯ್ತು ಅಂತ ಜನರ ಮುಂದೆ ಓದಬೇಕು, ಕಡತ ತೋರಿಸಬೇಕು. ಆಮೇಲೆ ಕೆಲಸ ಆಗಿರೋ ಜಾಗಕ್ಕೆ ಹೋಗಿ ನೋಡಬೇಕು. ನೋಡಲ್ ಅಧಿಕಾರಿ ಒಬ್ಬರು ಬರ್ತಾರೆ. ನಮ್ಮ ಜಾತ್ರೆ ಲೆಕ್ಕದಂಗೇ, ಸರ್ಕಾರವೇ ಕಾನೂನು ಮಾಡಿ ಜಮಖಾನ ಹಾಸಿಕೊಟ್ಟಿದೆ.

ನಾನು ಕೇಳೋದು ಮೂರೇ ಪ್ರಶ್ನೆ ಬರೆದಿಟ್ಟಿದ್ದೀನಿ. ಮನೆ ಕಂದಾಯ ನಮ್ಮೂರಿಂದ ಎಷ್ಟು ಬಂತು, ಅದರಲ್ಲಿ ನಮ್ಮೂರಿಗೆ ಎಷ್ಟು ಹೋಯ್ತು. ಹೈಮಾಸ್ಟ್ ದೀಪದ ಬಿಲ್ಲು, ಅದರ ಕರೆಂಟು ಬಿಲ್ಲು ತಿಂಗಳಿಗೆ ಎಷ್ಟು. ತೂಬಿನ ರಿಪೇರಿಗೆ ಜಿಲ್ಲಾ ಪಂಚಾಯ್ತಿಗೆ ಇಲ್ಲಿಂದ ಠರಾವು ಹೋಗಿದೆಯಾ, ಹೋಗಿದ್ರೆ ತಾರೀಖು ಯಾವುದು. ಹೋಗಿಲ್ಲ ಅಂದ್ರೆ ಅವತ್ತೇ ಬರೆಸಬೇಕು. ಏರಿ ಮೇಲಿನ ಜಾಲಿ ಕಡಿಯೋದು, ಕಾಲುವೆ ಹೂಳೆತ್ತೋದು ಉದ್ಯೋಗ ಖಾತ್ರಿಯಲ್ಲಿ ಆಗುತ್ತೆ, ಅದಕ್ಕೂ ಅರ್ಜಿ ತರ್ತೀನಿ, ಜಾಬ್ ಕಾರ್ಡ್ ಇರೋರು ಹೆಸರು ಕೊಡಿ. ಚುನಾವಣೆ ಬಂದ ಮೇಲೆ ಬಾಡೂಟದ ಮುಂದೆ ತೂಬಿನ ಮಾತು ಯಾರ ಕಿವಿಗೂ ಬೀಳಲ್ಲ, ಆದ್ದರಿಂದ ಈ ಸಲವೇ ಆಗಬೇಕು.

ತಾರೀಖು ಇನ್ನೂ ಗೊತ್ತಾಗಿಲ್ಲ. ನೋಟಿಸ್ ಬೋರ್ಡ್ ದಿನಾ ನೋಡ್ತಿದ್ದೀನಿ, ಅಂಟಿಸಿದ ದಿನವೇ ಫೋಟೋ ಇಲ್ಲಿ ಹಾಕ್ತೀನಿ. ಪಕ್ಕದ ಎರಡು ಊರಿನೋರೂ ಅದೇ ಪಂಚಾಯ್ತಿ ಆದ್ದರಿಂದ ನಿಮ್ಮ ನಿಮ್ಮ ಕೆರೆ ವಿಷಯ ಬರ್ಕೊಂಡು ಬನ್ನಿ. ಕಂದಾಯದ ರಸೀದಿ ಹುಡುಕಿ ಇಟ್ಕೊಳ್ಳಿ. ಸಿಗದಿದ್ರೆ ಕರ ವಸೂಲಿಗಾರರ ಹತ್ರ ಇನ್ನೊಂದು ಪ್ರತಿ ಕೇಳಿ, ಕೊಡ್ತಾರೆ. ಬಿಳಿನೊಣದ ಬರಹ ಮುಂದಿನ ಭಾನುವಾರ.